ಸ್ಪೀಡಿಗೆ ಎಷ್ಟು ಬೆಲೆ ಕೊಡ್ತಿದ್ದೀವಿ? ಲೆಕ್ಕ ಹಾಕೋದು ಹೀಗೆ

600ನ್ನು ನಿಮ್ಮ ಸ್ಪೀಡಿನಿಂದ ಭಾಗಿಸಿ. ಬಂದ ಉತ್ತರವೇ ಹತ್ತು ಕಿಲೋಮೀಟರ್ ಹೋಗಲು ಬೇಕಾಗುವ ನಿಮಿಷ. ಗಂಟೆಗೆ 60ರಲ್ಲಿ ಹೋದರೆ 10 ನಿಮಿಷ. 80ರಲ್ಲಿ ಏಳೂವರೆ. 100ರಲ್ಲಿ 6. 120ರಲ್ಲಿ 5. 140ರಲ್ಲಿ 4 ನಿಮಿಷ 17 ಸೆಕೆಂಡು. ಮುಂದಿನ ಲೆಕ್ಕಕ್ಕೆಲ್ಲ ಇದೇ ಬುಡ, ಆದ್ದರಿಂದ ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ.

ಈಗ ಒಂದೊಂದು ಮೆಟ್ಟಿಲಿಗೆ ಎಷ್ಟು ಉಳಿಯಿತು ನೋಡಿ. 60ರಿಂದ 80ಕ್ಕೆ ಏರಿಸಿದರೆ ಹತ್ತು ಕಿಲೋಮೀಟರಿಗೆ ಎರಡೂವರೆ ನಿಮಿಷ. 80ರಿಂದ 100ಕ್ಕೆ ಒಂದೂವರೆ. 100ರಿಂದ 120ಕ್ಕೆ ಒಂದೇ ನಿಮಿಷ. 120ರಿಂದ 140ಕ್ಕೆ 43 ಸೆಕೆಂಡು. ಪ್ರತಿ ಸಲ ಏರಿಸಿದ್ದು ಅದೇ ಇಪ್ಪತ್ತು, ಕೈಗೆ ಬಂದದ್ದು ಮಾತ್ರ ಸವೆಯುತ್ತಾ ಹೋಯಿತು.

ನನ್ನ ಕೆಲಸ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ. ಕಾರ್ಖಾನೆಯಲ್ಲಿ ಒಂದು ಬೋಲ್ಟ್ ತಯಾರಾಗಲು ಎಷ್ಟು ಕಬ್ಬಿಣ, ಎಷ್ಟು ಕರೆಂಟು, ಎಷ್ಟು ಹೊತ್ತು ಮಿಷಿನ್ ಓಡಬೇಕು ಅಂತ ಬರೆದಿಡೋದು. ಹಾಗಾಗಿ ಯಾರಾದರೂ ‘ಸ್ಪೀಡಾಗಿ ಬಂದು ಟೈಮ್ ಉಳಿಸಿದೆ’ ಅಂದರೆ ನನ್ನ ಬಾಯಿಂದ ಮೊದಲು ಬರುವ ಮಾತು, ‘ಎಷ್ಟಕ್ಕೆ?’ ನಮ್ಮ ಭಾವನಿಗೆ ಈ ಪ್ರಶ್ನೆ ಕಂಡರೆ ಆಗುವುದಿಲ್ಲ. ‘ನೀನು ಬೋಲ್ಟಿನ ಲೆಕ್ಕ ನೋಡ್ಕೋ ಅಮ್ಮ, ಗಾಡಿ ನಾನು ಓಡಿಸ್ತೀನಿ’ ಅನ್ನುತ್ತಾರೆ. ಅವರು ಕೆಟ್ಟ ಡ್ರೈವರ್ ಏನಲ್ಲ. ಆದರೆ ಅವರ ಲೆಕ್ಕದಲ್ಲಿ ಜಮಾ ಮಾತ್ರ ಇದೆ, ಖರ್ಚಿನ ಕಾಲಂ ಖಾಲಿ. ಅದನ್ನು ತುಂಬಿಸೋದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಮಾ ಕಾಲಂ

ಲಾಭ ಅಂದರೆ ಉಳಿದ ನಿಮಿಷ, ಅಷ್ಟೇ. ಸ್ಪೀಡಿನ ಮಜಾ ಬೇರೆ ವಿಷಯ. ಅದನ್ನೂ ಸೇರಿಸಿಕೊಳ್ಳುವವರು ಸೇರಿಸಿಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಮಜಾಕ್ಕೆ ಹೋಗಿದ್ದನ್ನು ‘ಅರ್ಜೆಂಟ್ ಇತ್ತು’ ಅಂತ ಬರೆಯಬೇಡಿ.

ನಿಮಿಷ ಎಣಿಸುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಇಡೀ ದಾರಿಯನ್ನು ಟಾಪ್ ಸ್ಪೀಡಿನಿಂದ ಭಾಗಿಸುತ್ತಾರೆ. ನೀವು ಹೋಗುವ ದಾರಿ 30 ಕಿಲೋಮೀಟರ್ ಅಂದುಕೊಳ್ಳಿ. ಅದರಲ್ಲಿ ಸಿಗ್ನಲ್, ತಿರುವು, ಜನ, ಮುಂದೆ ನಿಧಾನಕ್ಕೆ ಹೋಗೋ ಲಾರಿ ಎಲ್ಲ ಕಳೆದರೆ ನಿಜವಾಗಿ ಖಾಲಿ ಸಿಗುವ ರಸ್ತೆ ಎಷ್ಟು? ಹತ್ತು ಕಿಲೋಮೀಟರ್ ಅನ್ನಿ. ನೀವು 80ರ ಬದಲು 100ರಲ್ಲಿ ಹೋದರೂ ಉಳಿಯೋದು ಆ ಹತ್ತು ಕಿಲೋಮೀಟರಿನ ಒಂದೂವರೆ ನಿಮಿಷ ಮಾತ್ರ. ಅದರಲ್ಲೂ ಮುಂದೆ ಕೆಂಪು ದೀಪ ಸಿಕ್ಕಿದರೆ ಉಳಿಸಿದ್ದನ್ನು ಅಲ್ಲೇ ನಿಂತು ಕಳೆದುಕೊಳ್ಳುತ್ತೀರಿ. ಹಿಂದೆ ಬಿಟ್ಟು ಬಂದ ಗಾಡಿ ಬಂದು ಪಕ್ಕದಲ್ಲೇ ನಿಲ್ಲುತ್ತಲ್ಲ, ಆ ಸೀನು ಎಲ್ಲರಿಗೂ ಗೊತ್ತಿರೋದೇ.

ನಂಬಿಕೆ ಬರದಿದ್ದರೆ ಎಷ್ಟೋ ಗಾಡಿಗಳ ಟ್ರಿಪ್ ಮೀಟರಿನಲ್ಲಿ ಆವರೇಜ್ ಸ್ಪೀಡ್ ಇರುತ್ತದೆ, ಹೊರಡುವಾಗ ಅದನ್ನು ಸೊನ್ನೆ ಮಾಡಿ. ಒಂದು ದಿನ ನಿಮ್ಮಿಷ್ಟದ ಹಾಗೆ ಓಡಿಸಿ. ಇನ್ನೊಂದು ದಿನ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಮಿತಿಯೊಳಗೆ ಓಡಿಸಿ. ಎರಡು ಆವರೇಜ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಊರೊಳಗಿನ ದಾರಿಯಾದರೆ ಎರಡಕ್ಕೂ ಅಂಥ ವ್ಯತ್ಯಾಸವೇ ಕಾಣುವುದಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು 80ಕ್ಕೆ ಒತ್ತುತ್ತಿದ್ದರೂ ಆವರೇಜ್ 30ರಲ್ಲೇ ತೆವಳುತ್ತಿರುತ್ತದೆ.

ಇದು ನಿಮ್ಮೊಬ್ಬರ ಭ್ರಮೆ ಅಲ್ಲ ಬಿಡಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮೊದಲೇ ಜೋರಾಗಿ ಹೋಗುತ್ತಿರುವವರು ಇನ್ನಷ್ಟು ಏರಿಸಿದರೆ ಸಿಗುವ ಸಮಯವನ್ನು ಜಾಸ್ತಿ ಅಂದುಕೊಳ್ಳುತ್ತಾರೆ. ನಿಧಾನಕ್ಕೆ ಹೋಗುವಾಗ ಸ್ವಲ್ಪ ಏರಿಸಿದರೆ ಸಿಗುವ ಸಮಯವನ್ನು ಕಮ್ಮಿ ಅಂದುಕೊಳ್ಳುತ್ತಾರೆ. ಮನಸ್ಸಿನ ಲೆಕ್ಕ ಪೂರ್ತಿ ಉಲ್ಟಾ.

ಇನ್ನೊಂದು ಸಣ್ಣ ವಿಷಯ. ಸ್ಪೀಡೋಮೀಟರ್ ಸ್ವಲ್ಪ ಸುಳ್ಳು ಹೇಳುತ್ತದೆ, ಅದೂ ಒಂದೇ ದಿಕ್ಕಿಗೆ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಮೀಟರು ನಿಜವಾದ ಸ್ಪೀಡಿಗಿಂತ ಕಮ್ಮಿ ತೋರಿಸುವ ಹಾಗಿಲ್ಲ. ಜಾಸ್ತಿ ತೋರಿಸಬಹುದು, ನಿಜವಾದ ಸ್ಪೀಡಿನ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿಲೋಮೀಟರ್‌ವರೆಗೆ. ಹಾಗಾಗಿ ಮೀಟರಿನಲ್ಲಿ 100 ಕಂಡರೆ ಗಾಡಿ 95ರಲ್ಲಿ ಇರಬಹುದು. ನೀವು ಎಣಿಸಿದ ಲಾಭದಲ್ಲಿ ಅಷ್ಟು ಇಲ್ಲೇ ಸೋರಿತು. ಫೋನಿನ ಜಿಪಿಎಸ್ ತೋರಿಸುವ ಸ್ಪೀಡು ಇದಕ್ಕಿಂತ ಹತ್ತಿರ ಇರುತ್ತದೆ.

ಉಳಿದ ನಿಮಿಷಕ್ಕೆ ಬೆಲೆ ಎಷ್ಟು?

ಎಲ್ಲ ನಿಮಿಷಕ್ಕೂ ಒಂದೇ ಬೆಲೆ ಇಲ್ಲ. ಮನೆಗೆ ಮೂರು ನಿಮಿಷ ಮುಂಚೆ ತಲುಪಿದರೆ ಆ ಮೂರು ನಿಮಿಷ ಚಪ್ಪಲಿ ಬಿಡುವುದರಲ್ಲಿ, ಫೋನ್ ನೋಡುವುದರಲ್ಲಿ ಹೋಗುತ್ತದೆ. ರೈಲು ಹಿಡಿಯಬೇಕಾದಾಗ ಅದೇ ಮೂರು ನಿಮಿಷಕ್ಕೆ ಇಡೀ ದಿನದ ಬೆಲೆ ಇರಬಹುದು. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಎರಡು ನಿಮಿಷ ತಡವಾದರೆ ಏನಾದರೂ ಕೈತಪ್ಪುತ್ತದೆಯೇ, ಅಥವಾ ಸುಮ್ನೆ ಎರಡು ನಿಮಿಷ ತಡ ಆಗುತ್ತದೆಯೇ? ನಾನು ನೋಡಿದ ಮಟ್ಟಿಗೆ ಹೆಚ್ಚಿನ ಪ್ರಯಾಣ ಎರಡನೇ ಜಾತಿಯವು.

ಗಾಡಿಯಲ್ಲಿ ಯಾರಿಗೋ ಹುಷಾರಿಲ್ಲ, ಆಸ್ಪತ್ರೆಗೆ ಓಡಬೇಕು ಅಂದರೆ? ಎಲ್ಲರೂ ಕೊನೆಗೆ ತೆಗೆಯುವ ಅಸ್ತ್ರ ಇದೇ. ಆಗಲೂ 600ರ ಲೆಕ್ಕ ಬದಲಾಗುವುದಿಲ್ಲ. 60ರ ಬದಲು 80ರಲ್ಲಿ ಹತ್ತು ಕಿಲೋಮೀಟರ್ ಹೋದರೆ ಎರಡೂವರೆ ನಿಮಿಷ. ಗಾಬರಿಯಲ್ಲಿ ಓಡಿಸುವವರ ಕೈಯಲ್ಲಿ ಆ 80 ಮಾಮೂಲಿ 80 ಅಲ್ಲ ಅನ್ನೋದನ್ನೂ ಸೇರಿಸಿಕೊಳ್ಳಿ. ಆಂಬುಲೆನ್ಸ್ ಬೇಗ ಬರುವ ಜಾಗವಾದರೆ ಅದೇ ವಾಸಿ, ಅಲ್ಲಿ ದಾರಿಯಲ್ಲೇ ಚಿಕಿತ್ಸೆ ಶುರುವಾಗುತ್ತದೆ. ಬರುವುದಿಲ್ಲ ಅಂತಾದರೆ ಹಿಂದೆ ಒಬ್ಬರು ರೋಗಿಯನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಆಸ್ಪತ್ರೆಗೆ ಮೊದಲೇ ಫೋನ್ ಮಾಡಲಿ. ಬಾಗಿಲಲ್ಲಿ ಸ್ಟ್ರೆಚರ್ ಕಾಯುತ್ತಿದ್ದರೆ ಆಕ್ಸಿಲರೇಟರಿಗಿಂತ ಜಾಸ್ತಿ ನಿಮಿಷ ಉಳಿಯುತ್ತದೆ.

ಖರ್ಚು: ಸುಲಭದ್ದು ಮೊದಲು

ಇಂಧನದಿಂದ ಶುರು ಮಾಡೋಣ, ಅದನ್ನು ಅಳೆಯಬಹುದು. ಗಾಳಿಯ ತಡೆ ಸ್ಪೀಡಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 100ರಿಂದ 120ಕ್ಕೆ ಹೋದರೆ ಸ್ಪೀಡು ಏರಿದ್ದು 20%, ಗಾಳಿಯ ತಡೆ ಏರಿದ್ದು 44%. ಟೈರಿನ ಎಳೆತ ಅಷ್ಟೊಂದು ಏರದ ಕಾರಣ ಒಟ್ಟು ಇಂಧನ ಅಷ್ಟು ಏರುವುದಿಲ್ಲ. ಮಾಮೂಲಿ ಕಾರಿಗೆ ಐದನೇ ಒಂದು ಭಾಗ ಜಾಸ್ತಿ ಅಂತ ಇಟ್ಟುಕೊಳ್ಳೋಣ.

ನೂರು ಕಿಲೋಮೀಟರಿಗೆ 6 ಲೀಟರ್ ಕುಡಿಯುತ್ತಿದ್ದ ಗಾಡಿ 7.2 ಲೀಟರ್ ಕುಡಿಯಿತು. ಉಳಿದದ್ದು 10 ನಿಮಿಷ. ಅಂದರೆ ಒಂದು ಗಂಟೆ ಉಳಿಸಲು 7.2 ಲೀಟರ್. ಈಗ ನಿಮ್ಮ ಊರಿನ ಪೆಟ್ರೋಲ್ ದರದಿಂದ ಗುಣಿಸಿ. ಪಕ್ಕದಲ್ಲಿ ನಿಮ್ಮ ಒಂದು ಗಂಟೆಯ ದುಡಿಮೆ ಬರೆಯಿರಿ, ತೆರಿಗೆ ಕಳೆದು ಕೈಗೆ ಬರುವಷ್ಟು. ಮೊದಲನೆಯದು ದೊಡ್ಡದಾಗಿದ್ದರೆ ಮುಂದಕ್ಕೆ ಓದುವುದೇ ಬೇಡ, ತೀರ್ಮಾನ ಇಲ್ಲೇ ಆಯಿತು. ಎಷ್ಟೋ ಜನಕ್ಕೆ ಇಲ್ಲೇ ಆಗಿಬಿಡುತ್ತದೆ. ಎಲೆಕ್ಟ್ರಿಕ್ ಗಾಡಿಯಾದರೆ ಇನ್ನೂ ಬೇಗ ಗೊತ್ತಾಗುತ್ತದೆ. ಉದ್ದ ಪ್ರಯಾಣದಲ್ಲಿ ಸ್ಪೀಡಿನಿಂದ ಒಂದು ಚಾರ್ಜಿಂಗ್ ಜಾಸ್ತಿ ಬೇಕಾದರೆ, ಉಳಿಸಿದ ಸಮಯ ಪ್ಲಗ್ಗಿನ ಪಕ್ಕ ನಿಂತೇ ಖರ್ಚಾಗುತ್ತದೆ.

ದಂಡಕ್ಕೆ ಜಾಸ್ತಿ ಬರೆಯುವುದಿಲ್ಲ. ಸಿಕ್ಕಿಬೀಳುವ ಸಾಧ್ಯತೆ ಎಷ್ಟು, ದಂಡ ಎಷ್ಟು, ಎರಡನ್ನೂ ಗುಣಿಸಿ. ಇನ್ಶೂರೆನ್ಸ್ ಏರಿದರೆ ಅದನ್ನೂ, ಲೈಸೆನ್ಸಿಗೆ ಪೆಟ್ಟು ಬಿದ್ದರೆ ಅದನ್ನೂ ಸೇರಿಸಿ. ಕ್ಯಾಮೆರಾ ಹತ್ತಿರ ಬ್ರೇಕ್ ಹಾಕಿ ದಾಟಿಕೊಳ್ಳುವ ಜಾಣತನ ಈಗ ಎಲ್ಲ ಕಡೆ ನಡೆಯುವುದಿಲ್ಲ. ಎರಡು ಕ್ಯಾಮೆರಾ ನಡುವಿನ ದೂರವನ್ನು ನೀವು ಎಷ್ಟು ಹೊತ್ತಿನಲ್ಲಿ ದಾಟಿದಿರಿ ಅಂತ ನೋಡಿ ಆವರೇಜ್ ಹಿಡಿಯುವ ವ್ಯವಸ್ಥೆ ಎಷ್ಟೋ ದೇಶಗಳಲ್ಲಿದೆ.

ಬ್ರೇಕ್ ಪ್ಯಾಡು, ಟೈರು ಬೇಗ ಸವೆಯುತ್ತವೆ. ಸುಸ್ತೂ ಜಾಸ್ತಿ. ಇವು ಚಿಲ್ಲರೆ.

ಖರ್ಚು: ದೊಡ್ಡದು

ಈಗ ಯಾರೂ ಬರೆಯಲು ಇಷ್ಟಪಡದ ಸಾಲು.

ಎದುರಿಗೆ 70 ಮೀಟರ್ ದೂರದಲ್ಲಿ ಏನೋ ಅಡ್ಡ ಬಂತು ಅಂದುಕೊಳ್ಳಿ. ಅದು ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕಾಲು ಬ್ರೇಕಿನ ಮೇಲೆ ಬರಲು ಒಂದೂವರೆ ಸೆಕೆಂಡು ಹಿಡಿಯೋಣ. 80ರಲ್ಲಿದ್ದ ಗಾಡಿ ಅಷ್ಟರಲ್ಲೇ 33 ಮೀಟರ್ ಹೋಗಿರುತ್ತದೆ. ಒಣ ಡಾಂಬರು, ಒಳ್ಳೆ ಟೈರು ಇದ್ದರೆ ನಿಲ್ಲಲು ಇನ್ನೊಂದು 36 ಮೀಟರ್ ಬೇಕು. ಒಟ್ಟು 69. ಕೂದಲೆಳೆಯಲ್ಲಿ ಉಳಿಯಿತು, ಎಲ್ಲರೂ ಒಮ್ಮೆ ಉಸಿರು ಬಿಟ್ಟು ಮುಂದೆ ಹೋಗುತ್ತಾರೆ.

ಅದೇ ಗಾಡಿ, ಅದೇ ಡ್ರೈವರ್, 100ರಲ್ಲಿ ಬನ್ನಿ. ಕಾಲು ಬ್ರೇಕಿಗೆ ಬರುವಷ್ಟರಲ್ಲಿ 42 ಮೀಟರ್ ಮುಗಿಯಿತು. ಉಳಿದದ್ದು 28. ನಿಲ್ಲಲು ಬೇಕಾದದ್ದು 56. ಹಾಗಾದರೆ ಡಿಕ್ಕಿ ಹೊಡೆಯುವಾಗ ಸ್ಪೀಡು ಎಷ್ಟಿರುತ್ತದೆ? ಭಾವನನ್ನು ಕೇಳಿದೆ. ‘ಇಪ್ಪತ್ತು ಜಾಸ್ತಿ ಇತ್ತಲ್ಲ, ಇಪ್ಪತ್ತರಲ್ಲಿ ತಾಗುತ್ತೆ’ ಅಂದರು. ಯಾರನ್ನು ಕೇಳಿದರೂ ಹೆಚ್ಚುಕಮ್ಮಿ ಇದೇ ಉತ್ತರ. ನಿಜವಾದ ಉತ್ತರ ಗಂಟೆಗೆ ಸುಮಾರು 70 ಕಿಲೋಮೀಟರ್. ಬ್ರೇಕು ಸ್ಪೀಡನ್ನು ದೂರದ ಲೆಕ್ಕದಲ್ಲಿ ಸಮನಾಗಿ ಇಳಿಸುವುದಿಲ್ಲ. ಇಳಿಸುವುದು ಶಕ್ತಿಯನ್ನು, ಶಕ್ತಿ ಇರುವುದು ಸ್ಪೀಡಿನ ವರ್ಗದಲ್ಲಿ. ಸ್ಪೀಡಿನ ದೊಡ್ಡ ಪಾಲು ಕಡೆಯ ಕೆಲವೇ ಮೀಟರುಗಳಲ್ಲಿ ಇಳಿಯುತ್ತದೆ, ಆ ಮೀಟರುಗಳೇ ನಿಮಗೆ ಸಿಗಲಿಲ್ಲ.

ಊರೊಳಗಿನ ಸ್ಪೀಡಿಗೂ ಇದೇ ಕಥೆ. 50ರಲ್ಲಿ ಬಂದವರು ಸರಿಯಾಗಿ ನಿಂತ ಜಾಗದಲ್ಲಿ, 60ರಲ್ಲಿ ಬಂದವರು ಇನ್ನೂ 43ರಲ್ಲಿ ಇರುತ್ತಾರೆ. ಮಳೆಯಲ್ಲಿ ಒದ್ದೆ ರಸ್ತೆಯಾಗಿದ್ದರೆ ಈ ಅಂಕಿಗಳೆಲ್ಲ ಇನ್ನೂ ಕೆಡುತ್ತವೆ.

ಒಂದು ಘಟನೆಯ ಲೆಕ್ಕ ಇದಾದರೆ, ಒಟ್ಟಾರೆ ಅಪಾಯ ಎಷ್ಟು ಏರುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೀಗೆ: ಸರಾಸರಿ ಸ್ಪೀಡು 1% ಏರಿದರೆ ಸಾವು ತರುವ ಅಪಘಾತದ ಅಪಾಯ 4% ಏರುತ್ತದೆ. ಸ್ವೀಡನ್ನಿನ ಯೋರಾನ್ ನಿಲ್ಸನ್ ಇದನ್ನು ಸ್ಪೀಡಿನ ನಾಲ್ಕನೇ ಘಾತ ಅಂತ ಸೂತ್ರ ಮಾಡಿಟ್ಟರು. ಸೂತ್ರದ ಪ್ರಕಾರ 100ರಿಂದ 120ಕ್ಕೆ ಹೋದರೆ 1.2 × 1.2 × 1.2 × 1.2 ಮಾಡಬೇಕು. ಬರುವುದು 2.07. ಅಪಾಯ ಎರಡು ಪಟ್ಟು. ಒಬ್ಬೊಬ್ಬ ಡ್ರೈವರನ್ನೇ ನೋಡಿದ ಅಧ್ಯಯನವೂ ಇದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1997ರಲ್ಲಿ ಬಂದ ವರದಿಯದು. 60ರ ಮಿತಿ ಇರುವ ರಸ್ತೆಗಳಲ್ಲಿ 60 ದಾಟಿದ ಮೇಲೆ ಪ್ರತಿ 5 ಕಿಲೋಮೀಟರಿಗೆ, ಜನಕ್ಕೆ ಪೆಟ್ಟಾಗುವ ಅಪಘಾತದ ಅಪಾಯ ಎರಡು ಪಟ್ಟಾಗುತ್ತಾ ಹೋಗುತ್ತದೆ ಅಂತ ಅದು ಹೇಳಿತು. ‘ಬರೀ ಹತ್ತು ಜಾಸ್ತಿ’ ಅಂದರೆ ನಾಲ್ಕು ಪಟ್ಟು.

‘ಎರಡು ಪಟ್ಟು ಅಂದ್ರೂ ಸಣ್ಣದರ ಎರಡು ಪಟ್ಟು ತಾನೆ?’ ಇದು ನ್ಯಾಯವಾದ ಪ್ರಶ್ನೆ. ಭಾವ ಇದನ್ನು ಕೇಳಿದ ದಿನವೇ ನಾನು ಕಾಗದ ತೆಗೆದು ಕೂತೆ. ನಿಮಿಷವನ್ನು ನಿಮಿಷದ ಜೊತೆಗೇ ಹೋಲಿಸಬೇಕು ಅಂತ ಹೀಗೆ ಮಾಡಿದೆ.

ಸುರಕ್ಷಿತ ರಸ್ತೆಗಳಿರುವ ಶ್ರೀಮಂತ ದೇಶಗಳಲ್ಲಿ ವಾಹನಗಳು ನೂರು ಕೋಟಿ ಕಿಲೋಮೀಟರ್ ಓಡಿದರೆ ಸುಮಾರು 5 ಸಾವು. ಅಂದರೆ 100 ಕಿಲೋಮೀಟರಿನ ಒಂದು ಪ್ರಯಾಣದಲ್ಲಿ ಇಪ್ಪತ್ತು ಲಕ್ಷದಲ್ಲಿ ಒಂದು. ಇನ್ನು 40 ವರ್ಷ ಬದುಕುವವರ ಖಾತೆಯಲ್ಲಿ 2 ಕೋಟಿ 10 ಲಕ್ಷ ನಿಮಿಷ ಇರುತ್ತದೆ. ಅದನ್ನು ಇಪ್ಪತ್ತು ಲಕ್ಷದಿಂದ ಭಾಗಿಸಿ. ಹತ್ತೂವರೆ ನಿಮಿಷ. ನೂರು ಕಿಲೋಮೀಟರ್ ಓಡಿಸುವುದಕ್ಕೆ ಆಯುಸ್ಸಿನಿಂದ ಸರಾಸರಿ ಇಷ್ಟು ಕಟ್ಟುತ್ತಿದ್ದೇವೆ. 20% ಸ್ಪೀಡ್ ಏರಿಸಿದರೆ ಇದು ಎರಡು ಪಟ್ಟು, ಅಂದರೆ ಹನ್ನೊಂದು ನಿಮಿಷ ಜಾಸ್ತಿ. ಗಡಿಯಾರದಲ್ಲಿ ಉಳಿದದ್ದು ಹತ್ತು.

ಹತ್ತು ನಿಮಿಷ ಉಳಿಸಲು ಹನ್ನೊಂದು ನಿಮಿಷ ಕೊಟ್ಟ ಹಾಗಾಯಿತು, ಜೊತೆಗೆ 1.2 ಲೀಟರ್ ಪೆಟ್ರೋಲು.

ಈ ಲೆಕ್ಕಕ್ಕೆ ಎರಡೂ ಕಡೆಯಿಂದ ತಕರಾರು ತೆಗೆಯಬಹುದು, ತೆಗೆಯಲೇಬೇಕು. ಎದುರು ಗಾಡಿ ಬರದ, ಅಡ್ಡದಾರಿ ಸೇರದ ಒಳ್ಳೆ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಸಾವಿನ ಪ್ರಮಾಣ ಅರ್ಧಕ್ಕಿಂತ ಕಮ್ಮಿ ಇರುತ್ತದೆ. ಅಲ್ಲಿ ಹನ್ನೊಂದರ ಬದಲು ನಾಲ್ಕೈದು ನಿಮಿಷ ಕೊಡುತ್ತೀರಿ, ಆಗ ಲಾಭ ಉಳಿಯುತ್ತದೆ. ಎರಡೂ ದಿಕ್ಕಿನ ಗಾಡಿಗಳು ಒಂದೇ ರಸ್ತೆಯಲ್ಲಿ ಓಡುವ ಕಡೆ ಅಥವಾ ರಸ್ತೆ ಕೆಟ್ಟಿರುವ ಕಡೆ ಈ ಪ್ರಮಾಣ ಜಾಸ್ತಿ. ಅಲ್ಲಿ ನಷ್ಟ ಇನ್ನೂ ಜೋರು. ಆ 5 ಸಾವಿನಲ್ಲಿ ಡ್ರೈವರ್ ಅಲ್ಲದವರೂ ಇದ್ದಾರೆ, ಆದ್ದರಿಂದ ಎಲ್ಲ ನಿಮಿಷವೂ ನಿಮ್ಮ ಖಾತೆಯಿಂದಲೇ ಹೋಗುವುದಿಲ್ಲ. ಇನ್ನೊಂದು ಕಡೆ, ಸಾಯದೆ ಕೈಕಾಲು ಕಳೆದುಕೊಂಡವರನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ನಿಮ್ಮ ಖಾತೆಯಿಂದ ಹೋಗದ ನಿಮಿಷಗಳು ಯಾರ ಖಾತೆಯಿಂದ ಹೋಗುತ್ತವೆ? ನನಗೆ ಎಲ್ಲಕ್ಕಿಂತ ಕಸಿವಿಸಿ ಆಗುವುದು ಇಲ್ಲೇ. ಕಾರು 50ರ ಬದಲು 65ರಲ್ಲಿ ಗುದ್ದಿದರೆ ನಡೆದು ಹೋಗುವವರು ಸಾಯುವ ಅಪಾಯ ನಾಲ್ಕೂವರೆ ಪಟ್ಟು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ನಿಮಿಷ ನನ್ನ ಜೇಬಿಗೆ, ಅಪಾಯ ರಸ್ತೆ ದಾಟುವವರ ತಲೆಗೆ. ಕಾರ್ಖಾನೆಯಲ್ಲಿ ಯಾವುದೋ ವಿಭಾಗ ತನ್ನ ಖರ್ಚನ್ನು ಪಕ್ಕದ ವಿಭಾಗಕ್ಕೆ ಬರೆದರೆ ನಾವು ಒಪ್ಪಲ್ಲ, ಅಲ್ವಾ?

‘ಎಲ್ಲರೂ ಹೋಗೋ ಸ್ಪೀಡಲ್ಲೇ ಹೋಗ್ಬೇಕು’

ಈ ವಾದಕ್ಕೆ ಅಜ್ಜನಂಥ ಒಂದು ಅಧ್ಯಯನ ಇದೆ, 1964ರಲ್ಲಿ ಅಮೆರಿಕದ ಡೇವಿಡ್ ಸಾಲಮನ್ ಮಾಡಿದ್ದು. ಉಳಿದ ಗಾಡಿಗಳಿಗಿಂತ ತೀರಾ ನಿಧಾನ ಹೋಗುವವರಿಗೂ ಅಪಘಾತ ಜಾಸ್ತಿ ಅಂತ ಅದರಲ್ಲಿ ಕಂಡಿತು. ಆಮೇಲೆ ನೋಡಿದವರು ಆ ನಿಧಾನದ ಗಾಡಿಗಳಲ್ಲಿ ಎಷ್ಟೋ ತಿರುಗಲು ನಿಧಾನ ಮಾಡಿದ್ದವು ಅಂತ ತೋರಿಸಿದರು. ಅಡಿಲೇಡ್‌ನಲ್ಲಿ ನಿಧಾನ ಹೋಗುವವರಿಗೆ ಜಾಸ್ತಿ ಅಪಾಯ ಕಾಣಲಿಲ್ಲ. ಹೈವೇಯಲ್ಲಿ 40ರಲ್ಲಿ ತೆವಳಿ ಅಂತ ನಾನು ಹೇಳುತ್ತಿಲ್ಲ. ಮಿತಿಯ ಸ್ಪೀಡಿನಲ್ಲಿ, ನಿಧಾನದ ಲೇನಿನಲ್ಲಿ ಹೋದರೆ ಸಾಕು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಓವರ್‌ಟೇಕ್ ಮಾಡುವ ಮುಂಚೆ

ಬಹಳ ಜನ ಮಿತಿ ಮೀರುವುದು ಇಲ್ಲೇ. ಮುಂದೆ ಲಾರಿ 60ರಲ್ಲಿದೆ, ನೀವು 80ರಲ್ಲಿ ದಾಟುತ್ತೀರಿ. ಹಿಂದೆ 20 ಮೀಟರ್, ಲಾರಿ 12, ನಿಮ್ಮ ಕಾರು 4, ಮುಂದೆ ಬಿಡಬೇಕಾದ್ದು ಇನ್ನೊಂದು 20. ಒಟ್ಟು 56 ಮೀಟರ್. ನಿಮ್ಮಿಬ್ಬರ ನಡುವಿನ ವ್ಯತ್ಯಾಸ ಸೆಕೆಂಡಿಗೆ ಐದೂವರೆ ಮೀಟರ್, ಆದ್ದರಿಂದ ಹತ್ತು ಸೆಕೆಂಡು ಬೇಕು. ಅಷ್ಟರಲ್ಲಿ ನೀವು 220 ಮೀಟರ್ ಹೋಗಿರುತ್ತೀರಿ. ಎದುರಿನಿಂದ 80ರಲ್ಲಿ ಬರುವವರೂ 220 ಮೀಟರ್ ಬಂದಿರುತ್ತಾರೆ. 450 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣದಿದ್ದರೆ ಕೈಬಿಡಿ. ಕಂಡರೂ ಒಂದು ಪ್ರಶ್ನೆ: ಲಾರಿ ಹಿಂದೆ ಇನ್ನೆಷ್ಟು ದೂರ ಹೋಗಬೇಕು? ನಿಮ್ಮ ತಿರುವು ಎರಡು ಕಿಲೋಮೀಟರಿನಲ್ಲಿ ಇದ್ದರೆ ಗೆಲ್ಲುವುದು ಅರ್ಧ ನಿಮಿಷ.

ಅಗ್ಗದ ನಿಮಿಷಗಳು ಎಲ್ಲಿವೆ?

ಕಾರ್ಖಾನೆಯಲ್ಲಿ ಮಿಷಿನ್ ಜೋರಾಗಿ ಓಡಿಸುವ ಮುಂಚೆ ಅದು ಎಲ್ಲೆಲ್ಲಿ ಸುಮ್ನೆ ನಿಂತಿರುತ್ತದೆ ಅಂತ ನೋಡುತ್ತೇವೆ. ಪ್ರಯಾಣಕ್ಕೂ ಅದೇ. ಹೊರಡುವಾಗ ಕೀ ಹುಡುಕಿದ್ದು, ದಾರಿಯಲ್ಲಿ ಎರಡು ಸಲ ನಿಲ್ಲಿಸಿದ್ದು, ತಲುಪಿದ ಮೇಲೆ ಪಾರ್ಕಿಂಗ್‌ಗೆ ಸುತ್ತಿದ್ದು, ತಪ್ಪು ತಿರುವು ಹಿಡಿದು ಹಿಂದೆ ಬಂದಿದ್ದು. ಇವುಗಳಲ್ಲಿ ಯಾವುದೇ ಒಂದನ್ನು ಸರಿ ಮಾಡಿದರೂ 100ರಿಂದ 120ಕ್ಕೆ ಏರಿಸಿ ಐವತ್ತು ಕಿಲೋಮೀಟರ್ ಓಡಿಸಿದಷ್ಟು, ಅಂದರೆ ಐದು ನಿಮಿಷ, ಉಳಿದುಬಿಡಬಹುದು. ಟ್ರಾಫಿಕ್ ಏರುವ ಹೊತ್ತಿಗಿಂತ ಕಾಲು ಗಂಟೆ ಮುಂಚೆ ಹೊರಟರೆ ಅದಕ್ಕಿಂತ ಜಾಸ್ತಿ. ಸ್ಪೀಡಿನಲ್ಲೇ ಉಳಿಸಬೇಕು ಅಂತ ಹಟ ಇದ್ದರೆ 30ರಲ್ಲಿ ಸಿಕ್ಕಿಕೊಳ್ಳುವ ಗಲ್ಲಿ ಬಿಟ್ಟು 60ರಲ್ಲಿ ಸಲೀಸಾಗಿ ಹೋಗುವ ದಾರಿ ಹಿಡಿಯಿರಿ. ಹತ್ತು ಕಿಲೋಮೀಟರಿಗೆ ಹತ್ತು ನಿಮಿಷ ಅಲ್ಲಿದೆ.

ಲೆಕ್ಕ ಗೊತ್ತಿದ್ದರೂ ಕಾಲು ಕೇಳುವುದಿಲ್ಲ, ಅದಕ್ಕೆ ಕ್ರೂಸ್ ಕಂಟ್ರೋಲ್ ಅಥವಾ ಸ್ಪೀಡ್ ಲಿಮಿಟರ್ ಇದ್ದರೆ ಹಾಕಿಬಿಡಿ. ಇಲ್ಲದಿದ್ದರೆ ಫೋನಿನ ಮ್ಯಾಪಿನಲ್ಲಿ ಸ್ಪೀಡ್ ಎಚ್ಚರಿಕೆ ಆನ್ ಮಾಡಿ. ಹೈವೇಯಿಂದ ಇಳಿದ ಕೂಡಲೇ ಮೀಟರ್ ನೋಡಿ, ಕಣ್ಣನ್ನು ನಂಬಬೇಡಿ. ತುಂಬ ಹೊತ್ತು ಜೋರಾಗಿ ಬಂದ ಮೇಲೆ 70 ಕೂಡ 50ರ ಹಾಗೆ ಕಾಣುತ್ತದೆ.

ಬೈಕಿನವರು ಈ ಲೆಕ್ಕವನ್ನು ಇದ್ದ ಹಾಗೆ ತೆಗೆದುಕೊಳ್ಳಬೇಡಿ. ಅಮೆರಿಕದ ಅಂಕಿಗಳಲ್ಲಿ ಅಷ್ಟೇ ದೂರಕ್ಕೆ ಕಾರಿನಲ್ಲಿ ಕೂತವರಿಗಿಂತ ಬೈಕಿನವರ ಸಾವು ಇಪ್ಪತ್ತು ಪಟ್ಟಿಗೂ ಜಾಸ್ತಿ. ಆ ಹತ್ತೂವರೆ ನಿಮಿಷದ ಜಾಗದಲ್ಲಿ ಮೂರೂವರೆ ಗಂಟೆ ಬರೆದು, ಅಲ್ಲಿಂದ ಮತ್ತೆ ಶುರು ಮಾಡಿ.